ಐಪಿಫೈರ್‌ನಲ್ಲಿ ಪಾರ್ಟೆಡ್ 3.5ರಿಂದ 3.6ಕ್ಕೆ: ಕುಮಟಾದಲ್ಲಿ ಕಟ್ಟಿದ್ದು, ಶಿರಸಿ ಕಡೆಯ ಸೊಸೈಟಿಯಲ್ಲಿ ಕೂರಿಸಿದ್ದು

ಒಳಗಿನ ಕಂಪ್ಯೂಟರುಗಳಿಗೂ ಹೊರಗಿನ ಇಂಟರ್ನೆಟ್ಟಿಗೂ ನಡುವೆ ನಿಂತು ಕಾವಲು ಕಾಯುವ ಫೈರ್‌ವಾಲ್ ಪೆಟ್ಟಿಗೆಯೊಳಗೆ ಇರುವ ನೂರಾರು ಸಾಫ್ಟ್‌ವೇರ್‌ಗಳಲ್ಲಿ ಡಿಸ್ಕನ್ನು ಭಾಗ ಮಾಡುವ ಪಾರ್ಟೆಡ್‌ನದು ಬೇರೆಯೇ ಸ್ವಭಾವ. ಕರ್ನಲ್, ಡಿಎನ್‌ಎಸ್, ಪ್ರಾಕ್ಸಿ, ವಿಪಿಎನ್ ಎಲ್ಲ ಹಗಲು ರಾತ್ರಿ ಓಡುತ್ತವೆ. ಅವುಗಳಲ್ಲಿ ಒಂದು ಕೆಟ್ಟರೆ ಐದು ನಿಮಿಷದಲ್ಲಿ ಫೋನ್ ಬರುತ್ತದೆ. ಪಾರ್ಟೆಡ್ ಓಡುವುದು ಇನ್‌ಸ್ಟಾಲ್ ಮಾಡುವ ದಿನ, ಅದೂ ಕೆಲವೇ ಸೆಕೆಂಡು. ಆಮೇಲೆ ವರ್ಷಗಟ್ಟಲೆ ಅದರ ಸುದ್ದಿಯೇ ಇಲ್ಲ. ಹೀಗಾಗಿ ಹೊಸ ಆವೃತ್ತಿ ಹಾಕಿ, ಬಿಲ್ಡ್ (ಮೂಲ ಕೋಡಿನಿಂದ ಪ್ರೋಗ್ರಾಮ್ ಕಟ್ಟುವುದು) ಆಯಿತು ಎಂದು ಮುಂದಕ್ಕೆ ಹೋದರೆ ಒಳಗಿನ ತೊಂದರೆ ಕಾಣಿಸಿಕೊಳ್ಳುವುದು ಮುಂದಿನ ಇನ್‌ಸ್ಟಾಲ್ ದಿನ. ನಮ್ಮ ಜಿಲ್ಲೆಯಲ್ಲಿ ಆ ದಿನ ಬರುವುದು ಹೆಚ್ಚಾಗಿ ಸಿಡಿಲು ಬಡಿದ ಮರುದಿನ, ಆಫೀಸಿನವರೆಲ್ಲ ಕೈಕಟ್ಟಿ ಕೂತಿರುವಾಗ.

ಅದಕ್ಕೇ ಈ ಒಂದು ಪ್ಯಾಕೇಜಿನ ಮೇಲೆ ಇಷ್ಟು ಹೊತ್ತು ಕಳೆದೆ. ಹೇಗೆ ಮಾಡಿದೆ, ಎಲ್ಲಿ ನಿಂತು ನೋಡಿದೆ ಎಂಬುದನ್ನೆಲ್ಲ ಇಲ್ಲಿ ಬರೆದಿಡುತ್ತಿದ್ದೇನೆ.

ಐಪಿಫೈರ್ ಗೊತ್ತಿಲ್ಲದವರಿಗೆ ಎರಡು ಮಾತು. ಇದು ಐಪಿಕಾಪ್ ಎಂಬ ಹಳೆಯ ಫೈರ್‌ವಾಲಿನಿಂದ ಕವಲೊಡೆದು ಬೆಳೆದ ಮುಕ್ತ ತಂತ್ರಾಂಶದ ಫೈರ್‌ವಾಲ್. ಹೊರಗಿನ ಇಂಟರ್ನೆಟ್ಟಿಗೆ ಕೆಂಪು, ಒಳಗಿನ ಕಂಪ್ಯೂಟರ್‌ಗಳಿಗೆ ಹಸಿರು, ವೈಫೈಗೆ ನೀಲಿ, ಹೊರಗಿನವರಿಗೆ ತೆರೆದಿಟ್ಟ ಸರ್ವರ್‌ಗಳಿಗೆ ಕಿತ್ತಳೆ ಎಂದು ನೆಟ್‌ವರ್ಕನ್ನು ಬಣ್ಣದಲ್ಲಿ ಹಂಚುತ್ತದೆ. ಸೊಸೈಟಿಯ ಗುಮಾಸ್ತರಿಗೆ ಸಬ್‌ನೆಟ್ ಎಂದರೆ ತಲೆ ತಿರುಗುತ್ತದೆ, ಹಸಿರು ಪೋರ್ಟು ಎಂದರೆ ತಕ್ಷಣ ಅರ್ಥವಾಗುತ್ತದೆ. ಪೋರ್ಟಿನ ಪಕ್ಕ ಆಯಾ ಬಣ್ಣದ ಇನ್ಸುಲೇಶನ್ ಟೇಪು ಸುತ್ತಿಟ್ಟರೆ ಫೋನಿನಲ್ಲೇ ಅರ್ಧ ಕೆಲಸ ಮುಗಿಯುತ್ತದೆ. ನನಗೆ ಇದು ಹಿಡಿಸಿದ್ದಕ್ಕೆ ಇನ್ನೊಂದು ಕಾರಣವಿದೆ. ಇದು ಈಗ ಬೇರೆ ಯಾವ ಲಿನಕ್ಸ್ ಡಿಸ್ಟ್ರಿಬ್ಯೂಶನ್ನಿನ ಮೇಲೂ ನಿಂತಿಲ್ಲ. ಕಂಪೈಲರಿನಿಂದ ಹಿಡಿದು ಎಲ್ಲವನ್ನೂ ಮೂಲದಿಂದಲೇ ಕಟ್ಟುತ್ತಾರೆ, ಆ ಕಟ್ಟುವ ವಿಧಾನವನ್ನು ಯಾರು ಬೇಕಾದರೂ ತಮ್ಮ ಮನೆಯಲ್ಲೇ ಓಡಿಸಿ ನೋಡಬಹುದು.

2023ರ ಏಪ್ರಿಲ್‌ನಲ್ಲಿ ಪಾರ್ಟೆಡ್ 3.6 ಹೊರಬಂತು. ನನ್ನ ಕಂಪ್ಯೂಟರಿನಲ್ಲಿದ್ದ ಐಪಿಫೈರ್ ಮೂಲದ ಪ್ರತಿಯಲ್ಲಿ 3.5 ಇತ್ತು. ಮುಖ್ಯ ಯೋಜನೆಯವರು ಇಂಥ ಅಪ್‌ಡೇಟುಗಳನ್ನು ತಮ್ಮ ಕ್ರಮದಲ್ಲಿ ಮಾಡಿಯೇ ಮಾಡುತ್ತಾರೆ. ಆದರೂ ನಾನು ಕೂರಿಸುವ ಪೆಟ್ಟಿಗೆಗಳಿಗೆ ಬರುವ ಉಪಕರಣವನ್ನು ಒಮ್ಮೆ ಕೈಯಾರೆ ಕಟ್ಟಿ, ಬಿಚ್ಚಿ ನೋಡಬೇಕೆಂದು ಮನಸ್ಸಿತ್ತು. ಮೃಗಶಿರಾ ಮಳೆ ಹಿಡಿಯುವುದರೊಳಗೆ ಮುಗಿಸುವುದೆಂದು ಕೂತೆ.

ಏನು ಬದಲಾಗಿದೆ ಎಂದು ಮೊದಲು ಓದಿದ್ದು

ಪಾರ್ಟೆಡ್‌ನ ಮೂಲ ಕೋಡನ್ನು ಕಟ್ಟಿಟ್ಟ ಟಾರ್ ಫೈಲಿನೊಳಗೆ ನ್ಯೂಸ್ ಎಂಬ ಸಾದಾ ಪಠ್ಯದ ಫೈಲಿದೆ. ಆವೃತ್ತಿ ಬದಲಿಸುವವರು ಮೊದಲು ತೆರೆಯಬೇಕಾದದ್ದು ಅದನ್ನೇ. ಡಿಸ್ಕ್ ಉಪಕರಣದ ವಿಷಯದಲ್ಲಿ ನಾನು ಅದರ ಪ್ರತಿ ಸಾಲನ್ನೂ ಓದುತ್ತೇನೆ. 2011ರಲ್ಲಿ ಬಂದ 3.0 ಆವೃತ್ತಿ ಫೈಲ್ ಸಿಸ್ಟಮ್ ಮಾಡುವ, ಹಿಗ್ಗಿಸುವ ಆಜ್ಞೆಗಳನ್ನೇ ಕಿತ್ತುಹಾಕಿತ್ತು. ಅವನ್ನು ನೆಚ್ಚಿಕೊಂಡಿದ್ದ ಸ್ಕ್ರಿಪ್ಟುಗಳೆಲ್ಲ ಆಗ ಒಟ್ಟಿಗೇ ನಿಂತವು. ಅಂಥ ದೊಡ್ಡ ಬದಲಾವಣೆ ಈ ಸಲ ಇರಲಿಲ್ಲ.

3.6ರಲ್ಲಿ ಬಂದದ್ದು ಇವು: ಪಾರ್ಟಿಶನ್ನಿನ, ಅಂದರೆ ಡಿಸ್ಕಿನ ಒಂದು ಪಾಲಿನ, ಪ್ರಕಾರವನ್ನು ನೇರವಾಗಿ ಬರೆಯುವ 'ಟೈಪ್' ಆಜ್ಞೆ, ಪಾಲುಗಳ ವಿವರ ಬರೆದಿಡುವ ಪಟ್ಟಿ ಹಳೆಯ ಡಾಸ್ ಬಗೆಯದಾದರೆ ಸಂಖ್ಯೆ, ಹೊಸ ಜಿಪಿಟಿ ಬಗೆಯದಾದರೆ ಯುಯುಐಡಿ ಎಂಬ ಉದ್ದನೆಯ ಗುರುತು. ಜಿಪಿಟಿಯ 63ನೇ ಬಿಟ್ಟನ್ನು ತಾನಾಗಿ ಮೌಂಟ್ ಆಗದಂತೆ (ಬಳಕೆಗೆ ತೆರೆದುಕೊಳ್ಳದಂತೆ) ತಡೆಯುವ ಗುರುತಾಗಿ ಬಳಸುವ ಅವಕಾಶ. ಬೇರೆ ಪ್ರೋಗ್ರಾಮುಗಳು ಓದಲೆಂದು ಇರುವ ಜೇಸನ್ ರೂಪದ ಔಟ್‌ಪುಟ್ಟಿನಲ್ಲಿ ಡಿಸ್ಕಿನ ಮತ್ತು ಪಾರ್ಟಿಶನ್ನುಗಳ ಯುಯುಐಡಿ. ಇವುಗಳಲ್ಲಿ ಯಾವುದನ್ನೂ ಫೈರ್‌ವಾಲ್ ಇನ್‌ಸ್ಟಾಲರ್ ಕೇಳುವುದಿಲ್ಲ. ನನ್ನ ಕಣ್ಣು ನಿಂತದ್ದು ದೋಷ ಪರಿಹಾರದ ಪಟ್ಟಿಯಲ್ಲಿದ್ದ ಒಂದು ಸಾಲಿನ ಮೇಲೆ: ಪಾರ್ಟಿಶನ್ನಿನ ಕೊನೆಯನ್ನು ಕಿಬಿಬೈಟ್‌ನಲ್ಲಿ (1024 ಬೈಟಿನ ಲೆಕ್ಕದಲ್ಲಿ) ಕೊಟ್ಟಾಗ ಕೊನೆಯ ಸೆಕ್ಟರ್ ಬೀಳುವ ಜಾಗವನ್ನು ಸರಿಪಡಿಸಲಾಗಿದೆ.

ಸೆಕ್ಟರ್ ಎಂದರೆ ಡಿಸ್ಕಿನ ಜಾಗವನ್ನು ಎಣಿಸುವ ಸಣ್ಣ ತುಂಡು. ಒಂದೇ ಸೆಕ್ಟರ್, 512 ಬೈಟು. ಆದರೆ ಪಾರ್ಟಿಶನ್ ಎಲ್ಲಿ ಮುಗಿಯುತ್ತದೆ ಎಂಬ ಲೆಕ್ಕ ಬದಲಾಯಿತೆಂದರೆ ಆ ಉಪಕರಣವನ್ನು ಕರೆಯುವ ಪ್ರತಿಯೊಂದು ಸಾಲನ್ನೂ ಹುಡುಕಿ ಓದಲೇಬೇಕು. ಒಂದು ಪಾರ್ಟಿಶನ್ 2 ಮೆಬಿಬೈಟಿನಲ್ಲಿ (ಒಂದು ಮೆಬಿಬೈಟ್ ಎಂದರೆ 1024 ಕಿಬಿಬೈಟ್) ಮುಗಿದು ಮುಂದಿನದು ಅಲ್ಲಿಂದಲೇ ಶುರುವಾಗಬೇಕು ಎಂದಿಟ್ಟುಕೊಳ್ಳಿ. 2 ಮೆಬಿಬೈಟ್ ಅಂದರೆ 4096ನೇ ಸೆಕ್ಟರ್. ಮೊದಲನೆಯದು 4095ಕ್ಕೆ ನಿಂತರೆ ಎರಡನೆಯದಕ್ಕೆ 4096 ಸಿಗುತ್ತದೆ. ಮೊದಲನೆಯದು 4096ನ್ನೂ ನುಂಗಿದರೆ ಎರಡೂ ಒಂದೇ ಸೆಕ್ಟರಿಗೆ ಜಗಳಕ್ಕೆ ನಿಲ್ಲುತ್ತವೆ, ಸ್ಕ್ರಿಪ್ಟ್ ಅರ್ಧಕ್ಕೇ ಬಿದ್ದುಹೋಗುತ್ತದೆ.

ಇನ್‌ಸ್ಟಾಲರ್ ನಿಜಕ್ಕೂ ಏನು ಕೇಳುತ್ತದೆ

ಬಿಲ್ಡ್‌ಗೆ ಕೈ ಹಾಕುವ ಮೊದಲೇ ಐಪಿಫೈರ್‌ನ ಇನ್‌ಸ್ಟಾಲರ್ ಕೋಡ್ ತೆರೆದೆ. ಮೂಲದ ಎಸ್‌ಆರ್‌ಸಿ ಫೋಲ್ಡರಿನೊಳಗೆ ಇನ್‌ಸ್ಟಾಲರ್ ಎಂಬ ಫೋಲ್ಡರಿದೆ, ಅದರಲ್ಲಿ ಹಾರ್ಡ್‌ವೇರ್ ನೋಡಿಕೊಳ್ಳುವ 'ಎಚ್‌ಡಬ್ಲ್ಯು' ಎಂಬ ಸಿ ಫೈಲಿದೆ. ಪಾರ್ಟಿಶನ್ ಮಾಡುವ ಫಂಕ್ಷನ್ ಅಲ್ಲೇ ಸಿಗುತ್ತದೆ. ಸಿ ಬಾರದವರೂ ನಿಧಾನಕ್ಕೆ ಓದಿದರೆ ಅರ್ಥವಾಗುವಷ್ಟು ನೇರವಾಗಿ ಬರೆದಿದ್ದಾರೆ. ಪಾರ್ಟೆಡ್‌ನ ಒಳಗಿನ ಕೋಡಿರುವ ಲಿಬ್‌ಪಾರ್ಟೆಡ್ ಲೈಬ್ರರಿಯನ್ನು ಅದು ನೇರವಾಗಿ ಮುಟ್ಟುವುದಿಲ್ಲ. ಪಾರ್ಟೆಡ್ ಎಂಬ ಆಜ್ಞೆಯನ್ನೇ ಸ್ಕ್ರಿಪ್ಟ್ ವಿಧಾನದಲ್ಲಿ, ಅಂದರೆ ನಡುವೆ ಯಾವ ಪ್ರಶ್ನೆಯನ್ನೂ ಕೇಳದ ಹಾಗೆ, 'ಆಪ್ಟಿಮಲ್' ಜೋಡಣೆಯೊಂದಿಗೆ, ಅಂದರೆ ಪಾಲು ಡಿಸ್ಕಿಗೆ ಅನುಕೂಲವಾದ ಅಳತೆಯಲ್ಲಿ ಶುರುವಾಗುವ ಹಾಗೆ, ಕರೆಯುತ್ತದೆ. ಆ ಆಜ್ಞೆಯ ಸಾಲನ್ನು ತುಣುಕು ತುಣುಕಾಗಿ ಪೋಣಿಸುತ್ತ ಹೋಗುತ್ತದೆ: ಮೊದಲು ಪಟ್ಟಿಯ ಪ್ರಕಾರ ಡಾಸ್ ಅಥವಾ ಜಿಪಿಟಿ, ಆಮೇಲೆ ಬೂಟ್‌ಲೋಡರ್, ಬೂಟ್, ಇಎಸ್‌ಪಿ (ಯುಇಎಫ್‌ಐ ಯಂತ್ರ ಬೂಟ್ ಆಗಲು ಬೇಕಾದ ಪಾಲು), ಸ್ವಾಪ್ (ಮೆಮೊರಿ ಸಾಲದಾಗ ಬಳಸುವ ಪಾಲು), ರೂಟ್ (ಮುಖ್ಯ ಪಾಲು) ಇವುಗಳಲ್ಲಿ ಆ ಯಂತ್ರಕ್ಕೆ ಬೇಕಾದವು.

ನಾನು ಹುಡುಕುತ್ತಿದ್ದ ಉತ್ತರವೂ ಅಲ್ಲೇ ಇತ್ತು. ಶುರು ಮತ್ತು ಕೊನೆ ಎರಡನ್ನೂ ಬೈಟಿನಲ್ಲಿ ಕೊಡುತ್ತಾರೆ, ಸಂಖ್ಯೆಯ ಕೊನೆಗೆ ಬರೀ 'ಬಿ' ಅಕ್ಷರ. ಶುರು 1 ಮೆಬಿಬೈಟಿನಷ್ಟು ಬೈಟು. ಕೊನೆ ಎಂದರೆ ಶುರುವಿಗೆ ಗಾತ್ರ ಕೂಡಿಸಿ ಅದರಲ್ಲಿ ಒಂದು ಕಳೆದದ್ದು. ಆ ಒಂದನ್ನು ಕಳೆಯುವ ಕೆಲಸವನ್ನು ಪಾರ್ಟೆಡ್‌ಗೆ ಬಿಡದೆ ತಾವೇ ಮಾಡಿಬಿಟ್ಟಿದ್ದಾರೆ. ಅಂದಮೇಲೆ ಕಿಬಿಬೈಟಿನ ಪರಿಹಾರದಿಂದ ಇನ್‌ಸ್ಟಾಲರಿಗೆ ಲಾಭವೂ ಇಲ್ಲ, ಹಾನಿಯೂ ಇಲ್ಲ. ಹೀಗೆ ಬರೆದವರ ಬಗ್ಗೆ ನನಗೆ ಗೌರವ ಹುಟ್ಟಿತು. ಉಪಕರಣ ತನ್ನ ಉದಾರ ಮನಸ್ಸಿನಿಂದ ಅಂಕಿಯನ್ನು ಆಚೀಚೆ ಮಾಡಲು ಎಡೆಯೇ ಕೊಟ್ಟಿಲ್ಲ. ನಮ್ಮ ಊರಿನ ಸ್ಕ್ರಿಪ್ಟ್ ಬರೆಯುವ ಹುಡುಗರಿಗೆ ನಾನು ಈಗ ಹೇಳುವುದೂ ಅದನ್ನೇ, ಡಿಸ್ಕಿನ ಅಳತೆಯನ್ನು ಬೈಟಿನಲ್ಲೋ ಸೆಕ್ಟರಿನಲ್ಲೋ ಕೊಡಿ.

ಕಟ್ಟಿದ್ದು

ಐಪಿಫೈರ್ ಮೂಲದಲ್ಲಿ 'ಎಲ್‌ಎಫ್‌ಎಸ್' ಎಂಬ ಫೋಲ್ಡರಿದೆ. ಪ್ರತಿಯೊಂದು ಸಾಫ್ಟ್‌ವೇರಿಗೂ ಅದರಲ್ಲಿ ಒಂದೊಂದು ಮೇಕ್‌ಫೈಲ್, ಅಂದರೆ ಕಟ್ಟುವ ಕ್ರಮ ಬರೆದ ಫೈಲು. ಪಾರ್ಟೆಡ್‌ನ ಫೈಲಿನಲ್ಲಿ ಬದಲಿಸಬೇಕಾದದ್ದು ಎರಡೇ ಜಾಗ: ಆವೃತ್ತಿಯ ಸಂಖ್ಯೆ ಮತ್ತು ಮೂಲ ಫೈಲಿನ ಬ್ಲೇಕ್2 ಚೆಕ್‌ಸಮ್, ಅಂದರೆ ಫೈಲಿನೊಳಗೆ ಇದ್ದದ್ದರಿಂದ ಲೆಕ್ಕ ಹಾಕಿದ ಗುರುತು. ಮೊದಲು ಎಂಡಿ5 ಇರುತ್ತಿತ್ತು, 2022ರಲ್ಲಿ ಬ್ಲೇಕ್2ಕ್ಕೆ ಬದಲಾಯಿಸಿದರು.

ಚೆಕ್‌ಸಮ್ ಬರೆಯುವುದಕ್ಕೆ ಮುಂಚೆ ಪಾರ್ಟೆಡ್ ಹೊರತರುವ ಜಿಎನ್‌ಯು ಯೋಜನೆಯ ಸರ್ವರಿನಿಂದ ಟಾರ್ ಫೈಲಿನ ಜೊತೆ ಅದರ ಸಹಿ ಫೈಲನ್ನೂ ಇಳಿಸಿಕೊಂಡು ಸಹಿ ಪರೀಕ್ಷಿಸುವ ಜಿಪಿಜಿಯಲ್ಲಿ ತಾಳೆ ನೋಡಿದೆ. ಇದನ್ನು ಬಿಡುವವರು ಬಹಳ. ನಾವೇ ಇಳಿಸಿದ ಫೈಲಿನಿಂದ ನಾವೇ ಚೆಕ್‌ಸಮ್ ತೆಗೆದು ನಾವೇ ಬರೆದುಕೊಂಡರೆ ಅದು ಹೇಳುವುದು ಇಷ್ಟೇ: ನಾಳೆಯೂ ಇದೇ ಫೈಲು ಬರುತ್ತದೆ ಎಂದು. ಫೈಲು ಅಸಲಿಯೇ ಎಂಬುದನ್ನು ಹೇಳುವುದು ಬಿಡುಗಡೆ ಮಾಡಿದವರ ಸಹಿ ಮಾತ್ರ. ಫೈರ್‌ವಾಲಿನೊಳಗೆ ರೂಟ್ ಅಧಿಕಾರದಲ್ಲಿ ಓಡುವ ಪ್ರೋಗ್ರಾಮಿಗೆ ಅಷ್ಟಾದರೂ ಮಾಡಬೇಡವೇ.

ಆಮೇಲೆ ಮೇಕ್ ಸ್ಕ್ರಿಪ್ಟಿಗೆ 'ಬಿಲ್ಡ್' ಎಂದು ಹೇಳಿ ಬಿಟ್ಟೆ. ಟೂಲ್‌ಚೈನ್ (ಕಂಪೈಲರ್ ಮೊದಲಾದ ಕಟ್ಟುವ ಉಪಕರಣಗಳು) ಸಿದ್ಧವಾದದ್ದನ್ನೇ ಇಳಿಸಿಕೊಂಡರೆ ಒಂದಿಷ್ಟು ಹೊತ್ತು ಉಳಿಯುತ್ತದೆ, ಉಳಿದದ್ದೆಲ್ಲ ಒಂದರ ಹಿಂದೊಂದು ಕಟ್ಟುತ್ತ ಹೋಗುತ್ತದೆ. ನನ್ನ ಹಳೆಯ ಡೆಸ್ಕ್‌ಟಾಪಿಗೆ ಅದು ರಾತ್ರಿಯಿಡೀ ಕೆಲಸ. ಮೇ ತಿಂಗಳ ಕುಮಟಾ ಎಂದರೆ ಸಂಜೆಯಾದರೆ ಘಟ್ಟದ ಕಡೆಯಿಂದ ಗುಡುಗು, ಹಿಂದೆಯೇ ಕರೆಂಟು ಹೋಗುವುದು. ಇನ್ವರ್ಟರ್ ಇದೆ, ಆದರೆ ಪೂರ್ತಿ ಓಡುವ ಡೆಸ್ಕ್‌ಟಾಪನ್ನು ರಾತ್ರಿಯೆಲ್ಲ ಎಳೆಯುವ ತಾಕತ್ತು ಅದಕ್ಕಿಲ್ಲ. ಮಧ್ಯರಾತ್ರಿ ಯಂತ್ರ ಆರಿಹೋಯಿತು.

ಇಲ್ಲಿ ಐಪಿಫೈರ್‌ನ ಕಟ್ಟುವ ವ್ಯವಸ್ಥೆ ಕೈ ಹಿಡಿಯುತ್ತದೆ. ಒಂದು ಪ್ಯಾಕೇಜ್ ಮುಗಿದಾಗ ಅದರ ಹೆಸರು ಮತ್ತು ಆವೃತ್ತಿ ಸೇರಿದ ಒಂದು ಗುರುತಿನ ಫೈಲು ಲಾಗ್ ಫೋಲ್ಡರಿನಲ್ಲಿ ಕೂರುತ್ತದೆ. ಬಿಲ್ಡನ್ನು ಮತ್ತೆ ಓಡಿಸಿದರೆ ಗುರುತು ಇದ್ದದ್ದನ್ನು ದಾಟಿ ಇಲ್ಲದ್ದರಿಂದ ಮುಂದುವರಿಯುತ್ತದೆ. ಬೆಳಿಗ್ಗೆ ಎದ್ದು ಅದೇ ಆಜ್ಞೆ ಮತ್ತೆ ಕೊಟ್ಟೆ, ನಿಂತಲ್ಲಿಂದ ಹೊರಟಿತು. ಆವೃತ್ತಿ ಬದಲಿಸಿದಾಗ ಪಾರ್ಟೆಡ್ ತಾನಾಗಿ ಹೊಸದಾಗಿ ಕಟ್ಟಿಕೊಳ್ಳುವುದೂ ಇದೇ ಕಾರಣಕ್ಕೆ. 3.5ರ ಗುರುತು ಇದ್ದರೂ 3.6ರ ಗುರುತು ಇರುವುದಿಲ್ಲವಲ್ಲ. ಆದರೆ ಅದನ್ನು ಅವಲಂಬಿಸಿದ ಬೇರೆ ಪ್ಯಾಕೇಜುಗಳ ಗುರುತು ಹಾಗೇ ಉಳಿದಿರುತ್ತದೆ, ಅವು ಮತ್ತೆ ಕಟ್ಟಿಕೊಳ್ಳುವುದಿಲ್ಲ. ಅಲ್ಲಿ ಮನುಷ್ಯನೇ ನೋಡಬೇಕು.

ನೋಡುವುದಕ್ಕೆ ಅವರದೇ ಒಂದು ಸ್ಕ್ರಿಪ್ಟ್ ಇದೆ. ಒಂದು ಲೈಬ್ರರಿಯ ಹಾದಿ ಕೊಟ್ಟರೆ ಅದಕ್ಕೆ ಜೋಡಿಕೊಂಡ ಪ್ರೋಗ್ರಾಮುಗಳನ್ನೆಲ್ಲ ಹುಡುಕಿ ಪಟ್ಟಿ ಕೊಡುತ್ತದೆ. ಲೈಬ್ರರಿಯ ಹೊರಮುಖದ ಸಂಖ್ಯೆ, ಅಂದರೆ ಸೋನೇಮ್, ಬದಲಾಗಿದ್ದರೆ ಆ ಪಟ್ಟಿಯಲ್ಲಿದ್ದವರೆಲ್ಲರನ್ನೂ ಮತ್ತೆ ಕಟ್ಟಿ ಮತ್ತೆ ಹಂಚಬೇಕು. ಲಿಬ್‌ಪಾರ್ಟೆಡ್ ವಿಷಯದಲ್ಲಿ ಸೋನೇಮ್ 2 ಆಗಿಯೇ ಉಳಿದಿತ್ತು, ಅದರ ಹಿಂದಿನ ಸಣ್ಣ ಅಂಕಿ ಮಾತ್ರ ಮುಂದೆ ಸರಿದಿತ್ತು. ಯಾರನ್ನೂ ಎಬ್ಬಿಸುವ ಅಗತ್ಯ ಬರಲಿಲ್ಲ.

ರೂಟ್‌ಫೈಲ್ ಎಂಬ ಪಟ್ಟಿ

ಆವೃತ್ತಿ ಬದಲಿಸುವುದು ಎರಡು ಸಾಲಿನ ಕೆಲಸ ಎಂದೆನಲ್ಲ, ಕೆಲಸದ ತೂಕ ಇರುವುದು ಈ ಪಟ್ಟಿಯಲ್ಲಿ. ಒಂದು ಪ್ಯಾಕೇಜ್ ಕಟ್ಟಿದಾಗ ಹತ್ತಾರು ಫೈಲುಗಳು ಹುಟ್ಟುತ್ತವೆ: ಪ್ರೋಗ್ರಾಮ್, ಲೈಬ್ರರಿ, ಹೆಡರ್, ಮ್ಯಾನ್ ಪುಟ, ಇನ್ಫೋ ಪುಟ, ಅನುವಾದಗಳು. ಫೈರ್‌ವಾಲಿಗೆ ಹೋಗಬೇಕಾದದ್ದು ಅದರಲ್ಲಿ ನಾಲ್ಕಾರು. ಯಾವುದು ಹೋಗಬೇಕು, ಯಾವುದು ಬೇಡ ಎಂಬುದನ್ನು ರೂಟ್‌ಫೈಲ್ ನಿರ್ಧರಿಸುತ್ತದೆ. ಸಾಲಿನ ಮೊದಲು ಹ್ಯಾಶ್ ಚಿಹ್ನೆ ಇದ್ದರೆ ಆ ಫೈಲು ಹೊರಗೇ ಉಳಿಯಿತು, ಇಲ್ಲದಿದ್ದರೆ ಪೆಟ್ಟಿಗೆಗೆ ಹೋಯಿತು.

ಬಿಲ್ಡ್ ಮುಗಿದ ಮೇಲೆ ಲಾಗ್ ಫೋಲ್ಡರಿನಲ್ಲಿ ಹೊಸ ಪಟ್ಟಿ ಸಿಗುತ್ತದೆ. ಹೊಸದಾಗಿ ಬಂದ ಫೈಲಿನ ಮುಂದೆ ಕೂಡಿಸುವ ಚಿಹ್ನೆ, ಮಾಯವಾದದ್ದರ ಮುಂದೆ ಕಳೆಯುವ ಚಿಹ್ನೆ. ಪಾರ್ಟೆಡ್‌ನಲ್ಲಿ ನಿರೀಕ್ಷಿಸಿದ ಹಾಗೆ ಲಿಬ್‌ಪಾರ್ಟೆಡ್‌ನ ಪೂರ್ತಿ ಸಂಖ್ಯೆಯ ಫೈಲು ಹೆಸರು ಬದಲಿಸಿತ್ತು. ಇಲ್ಲಿ ಅವಸರದಲ್ಲಿ ಆಗಬಹುದಾದದ್ದು ಏನೆಂದರೆ, ಹೊಸ ಲೈಬ್ರರಿಯ ಸಾಲಿಗೆ ಹ್ಯಾಶ್ ಬಿದ್ದು, ಅದಕ್ಕೆ ತೋರಿಸುವ ಸಿಮ್‌ಲಿಂಕ್ (ಬೇರೆ ಫೈಲಿನತ್ತ ಕೈತೋರಿಸುವ ಬರೀ ಹೆಸರು) ಮಾತ್ರ ಪಟ್ಟಿಯಲ್ಲಿ ಉಳಿಯುವುದು. ಬಿಲ್ಡ್ ಏನೂ ತಕರಾರು ಹೇಳುವುದಿಲ್ಲ. ಇನ್‌ಸ್ಟಾಲ್ ಮಾಡುವ ಐಎಸ್‌ಒ ಫೈಲು ತಯಾರಾಗುತ್ತದೆ, ಬೂಟ್ ಆಗುತ್ತದೆ, ಭಾಷೆ ಆರಿಸಿ ಡಿಸ್ಕ್ ಆರಿಸಿದ ಮೇಲೆ ಪಾರ್ಟೆಡ್ ಲೈಬ್ರರಿ ಸಿಗದೆ ನಿಲ್ಲುತ್ತದೆ. ಆದ್ದರಿಂದ ಪಟ್ಟಿಯನ್ನು ಸಾಲು ಸಾಲಾಗಿ ಹಳೆಯದರ ಪಕ್ಕ ಇಟ್ಟು ನೋಡಿದೆ: ಪಾರ್ಟೆಡ್, ಪಾರ್ಟ್‌ಪ್ರೋಬ್, ಲಿಬ್‌ಪಾರ್ಟೆಡ್‌ನ ಸಿಮ್‌ಲಿಂಕ್, ಅದು ತೋರಿಸುವ ಅಸಲು ಫೈಲು.

ಇನ್ನೊಂದು ಪಟ್ಟಿಯ ಬಗ್ಗೆಯೂ ಹೇಳಬೇಕು. ಹೊಸ ಐಎಸ್‌ಒಗೆ ಪಾರ್ಟೆಡ್ 3.6 ಸೇರಿತು ಎಂದರೆ ಈಗಾಗಲೇ ಓಡುತ್ತಿರುವ ಪೆಟ್ಟಿಗೆಗಳಿಗೂ ತಲುಪಿತು ಎಂದಲ್ಲ. ಐಪಿಫೈರ್ ತನ್ನ ಅಪ್‌ಡೇಟನ್ನು ಕೋರ್ ಅಪ್‌ಡೇಟ್ ಎಂಬ ಕಂತಿನಲ್ಲಿ ಕಳಿಸುತ್ತದೆ. ಆ ಕಂತಿನ ಫೈಲ್‌ಪಟ್ಟಿ ಫೋಲ್ಡರಿನಲ್ಲಿ ಪಾರ್ಟೆಡ್‌ನ ರೂಟ್‌ಫೈಲಿಗೆ ಒಂದು ಸಿಮ್‌ಲಿಂಕ್ ಇಟ್ಟರೆ ಮಾತ್ರ ಹಳೆಯ ಪೆಟ್ಟಿಗೆಗಳಿಗೆ ಅಪ್‌ಡೇಟ್ ಇಳಿಸುವ ಪಾಕ್‌ಫೈರ್ ಮೂಲಕ ಹೋಗುತ್ತದೆ. ನನಗೆ ಬೇಕಾಗಿದ್ದದ್ದು ಐಎಸ್‌ಒ, ಹಾಗಾಗಿ ಇದನ್ನು ನೋಡಿ ತಿಳಿದುಕೊಂಡು ಅಷ್ಟಕ್ಕೇ ಬಿಟ್ಟೆ.

ಪರೀಕ್ಷೆ: ಡಿಸ್ಕ್ ಇಲ್ಲದೆ ಡಿಸ್ಕ್ ಒಡೆಯುವುದು

ಮೊದಲ ಸುತ್ತಿಗೆ ನಿಜವಾದ ಡಿಸ್ಕ್ ಬೇಕಾಗಿಲ್ಲ. 'ಟ್ರಂಕೇಟ್' ಆಜ್ಞೆಯಿಂದ 3 ಟೆಬಿಬೈಟಿನ (ಸುಮಾರು 3300 ಜಿಬಿ) ಖಾಲಿ ಫೈಲು ಮಾಡಿದೆ. ಇಂಥ ಫೈಲು ಹೆಸರಿಗೆ ದೊಡ್ಡದು, ಬರೆದಷ್ಟೇ ಜಾಗ ನುಂಗುತ್ತದೆ. 'ಲೋಸೆಟಪ್' ಬಳಸಿ ಅದನ್ನು ಲೂಪ್ ಸಾಧನವಾಗಿ ಜೋಡಿಸಿದರೆ ಪಾರ್ಟೆಡ್‌ಗೆ ಅದು ಡಿಸ್ಕೇ. 3 ಟೆಬಿಬೈಟ್ ಯಾಕೆಂದರೆ ಡಾಸ್ ಪಟ್ಟಿ ಸೆಕ್ಟರ್ ಸಂಖ್ಯೆಗೆ 32 ಬಿಟ್ ಮಾತ್ರ ಇಟ್ಟಿದೆ, 512 ಬೈಟಿನ ಸೆಕ್ಟರಾದರೆ 2 ಟೆಬಿಬೈಟಿಗೆ ಗಡಿ ಮುಗಿಯಿತು. ಅದರಾಚೆ ಇನ್‌ಸ್ಟಾಲರ್ ಜಿಪಿಟಿಯನ್ನೇ ಆರಿಸುತ್ತದೆ. ನಮ್ಮ ಸೊಸೈಟಿಗಳ ಫೈರ್‌ವಾಲಿಗೆ ಅಷ್ಟು ದೊಡ್ಡ ಡಿಸ್ಕ್ ಯಾರೂ ಹಾಕುವುದಿಲ್ಲ, ಆದರೆ ಕೋಡಿನ ಆ ಕವಲನ್ನೂ ನಡೆಸಿ ನೋಡದೆ ಬಿಡುವ ಮನಸ್ಸಾಗಲಿಲ್ಲ.

ಇನ್‌ಸ್ಟಾಲರ್ ಪೋಣಿಸುವ ಸಾಲನ್ನೇ ಕೈಯಿಂದ ಬರೆದು ಹಳೆಯ ಪಾರ್ಟೆಡ್‌ನಲ್ಲೂ ಹೊಸದರಲ್ಲೂ ಓಡಿಸಿದೆ. ಎರಡರ ಔಟ್‌ಪುಟ್ಟನ್ನು ಸೆಕ್ಟರ್ ಲೆಕ್ಕದಲ್ಲಿ ತೆಗೆದು 'ಡಿಫ್' ಹಾಕಿದರೆ ವ್ಯತ್ಯಾಸ ಏನೂ ಬರಲಿಲ್ಲ. ಬೇಕಾಗಿದ್ದದ್ದೂ ಅದೇ. ಆಮೇಲೆ ಬೇಕೆಂದೇ 1024 ಕಿಬಿಬೈಟಿನಿಂದ 2048 ಕಿಬಿಬೈಟಿಗೆ ಒಂದು ಪಾರ್ಟಿಶನ್ ಮಾಡಿಸಿದೆ. 3.6 ಅದನ್ನು 2048ನೇ ಸೆಕ್ಟರಿನಿಂದ ತೊಡಗಿಸಿ 4095ಕ್ಕೆ ನಿಲ್ಲಿಸಿತು. ಮುಂದಿನದನ್ನು 2048 ಕಿಬಿಬೈಟಿನಿಂದ ಕೇಳಿದಾಗ 4096ನ್ನು ತಕರಾರಿಲ್ಲದೆ ಕೊಟ್ಟಿತು.

ಆಮೇಲಿನದು ನನಗೆ ಎಲ್ಲಕ್ಕಿಂತ ಇಷ್ಟವಾದ ಪರೀಕ್ಷೆ. ಜಿಪಿಟಿ ತನ್ನ ಪಟ್ಟಿಯನ್ನು ಡಿಸ್ಕಿನ ಎರಡೂ ತುದಿಯಲ್ಲಿ ಇಡುತ್ತದೆ, ಅಣ್ಣತಮ್ಮಂದಿರು ಪಾಲಾದಾಗ ಪಾಲುಪಟ್ಟಿಯ ಪ್ರತಿಯನ್ನು ಎರಡು ಮನೆಯಲ್ಲಿ ಇಡುವ ಹಾಗೆ. 0ನೇ ಸೆಕ್ಟರಿನಲ್ಲಿ ಹಳೆಯ ಉಪಕರಣಗಳು ಡಿಸ್ಕ್ ಖಾಲಿಯೆಂದು ತಿಳಿಯದಿರಲಿ ಎಂದು ಒಂದು ಕಾವಲು ಪಟ್ಟಿ, 1ನೆಯದರಲ್ಲಿ ಹೆಡರ್, 2ರಿಂದ 33ರವರೆಗೆ 128 ಪಾರ್ಟಿಶನ್ನುಗಳ ವಿವರ, ಒಂದೊಂದಕ್ಕೆ 128 ಬೈಟು. ಹೆಡರ್ ಮತ್ತು ಈ ವಿವರಗಳ ಪ್ರತಿ ಡಿಸ್ಕಿನ ತೀರಾ ಕೊನೆಯಲ್ಲಿ. ಎರಡು ಹೆಡರಿನಲ್ಲೂ ಸಿಆರ್‌ಸಿ ಎಂಬ ತಾಳೆ ಸಂಖ್ಯೆ ಇರುವುದರಿಂದ ಒಂದು ಹಾಳಾದರೆ ಇನ್ನೊಂದು ಸಾಕ್ಷಿ ಹೇಳುತ್ತದೆ. ಈಗ ಸಣ್ಣ ಡಿಸ್ಕಿನ ಪೂರ್ತಿ ಪ್ರತಿಯನ್ನು 'ಡಿಡಿ'ಯಿಂದ ದೊಡ್ಡ ಎಸ್‌ಎಸ್‌ಡಿಗೆ ಸುರಿದರೆ? ಮೊದಲ ಪ್ರತಿ ತನ್ನ ಜಾಗದಲ್ಲೇ ಕೂರುತ್ತದೆ, ಕೊನೆಯಲ್ಲಿ ಇರಬೇಕಾದ ಪ್ರತಿ ದೊಡ್ಡ ಡಿಸ್ಕಿನ ನಡುವೆಲ್ಲೋ ಬಿದ್ದಿರುತ್ತದೆ. ಪೆಟ್ಟಿಗೆ ಕೆಟ್ಟಾಗ ಡಿಸ್ಕ್ ಬದಲಿಸುವವರು ನಿತ್ಯ ಮಾಡುವ ಕೆಲಸ ಇದು.

ಕೂತು ಮಾಡುವಾಗ ಪಾರ್ಟೆಡ್ ಇದನ್ನು ಕಂಡು ಸರಿಪಡಿಸಲೇ ಎಂದು ಕೇಳುತ್ತದೆ. ಸ್ಕ್ರಿಪ್ಟ್ ವಿಧಾನದಲ್ಲಿ ಉತ್ತರಿಸುವವರು ಯಾರೂ ಇಲ್ಲ. 2022ರ 3.5 ಆವೃತ್ತಿ ಅದಕ್ಕೆಂದೇ 'ಫಿಕ್ಸ್' ಎಂಬ ಆಯ್ಕೆ ಸೇರಿಸಿತು. ಜೇಸನ್ ಔಟ್‌ಪುಟ್ ಬಂದದ್ದೂ ಅದರಲ್ಲೇ. ಲೂಪ್ ಫೈಲನ್ನು ಹಿಗ್ಗಿಸಿ, ಫಿಕ್ಸ್ ಆಯ್ಕೆಯೊಂದಿಗೆ 3.6ನ್ನು ಓಡಿಸಿದೆ. ಎರಡನೇ ಪ್ರತಿ ಹೊಸ ತುದಿಗೆ ಹೋಗಿ ಕೂತಿತು, ಬಳಸಬಹುದಾದ ಕೊನೆಯ ಸೆಕ್ಟರಿನ ಅಂಕಿಯೂ ಹಿಗ್ಗಿತು, ಒಳಗಿನ ಪಾರ್ಟಿಶನ್ನುಗಳು ಒಂದಿಷ್ಟೂ ಅಲುಗಲಿಲ್ಲ. ಇದನ್ನು ಕಣ್ಣಾರೆ ನೋಡಿದ ಮೇಲೆ ಆ ಆಯ್ಕೆಯನ್ನು ನಿಜವಾದ ಡಿಸ್ಕಿನ ಮೇಲೆ ಬಳಸುವ ಧೈರ್ಯ ಬಂತು.

ಎರಡನೇ ಸುತ್ತು, ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರಿನ ಹಾಗೆ ನಟಿಸುವ ಕ್ಯೂಇಎಂಯುನಲ್ಲಿ ಪೂರ್ತಿ ಇನ್‌ಸ್ಟಾಲ್. ಹಳೆಯ ಬಯೋಸ್ ವಿಧಾನದಲ್ಲಿ ಸಣ್ಣ ಡಿಸ್ಕಿನೊಂದಿಗೆ ಒಮ್ಮೆ, 3 ಟೆಬಿಬೈಟಿನ ಡಿಸ್ಕಿನೊಂದಿಗೆ ಒಮ್ಮೆ, ಮತ್ತೆ ಯುಇಎಫ್‌ಐ ಫರ್ಮ್‌ವೇರ್ ಹಾಕಿ. ಪ್ರತಿ ಸಲವೂ ಇನ್‌ಸ್ಟಾಲ್ ಮುಗಿದ ಮೇಲೆ ರೀಬೂಟ್ ಮಾಡಿ ರೂಟ್ ಮೌಂಟ್ ಆಯಿತೇ, ಸ್ವಾಪ್ ಹತ್ತಿತೇ ಎಂದು ನೋಡಿದೆ. ಎಲ್ಲವೂ ಸರಿಯಿತ್ತು, ಬರೆಯುವಂಥ ವಿಶೇಷ ಏನೂ ನಡೆಯಲಿಲ್ಲ.

ಯುಎಸ್‌ಬಿ ಅಡಾಪ್ಟರಿನ ವಿಚಿತ್ರ

ಈ ಹೊತ್ತಿಗೆ ಶಿರಸಿಯ ಆಚೆಯ ಸೊಸೈಟಿಯೊಂದರಿಂದ ಸೆಕ್ರೆಟರಿಯವರ ಫೋನ್ ಬಂತು. 'ತಮಾ, ನಿನ್ನೆ ಸಿಡಿಲಿಗೆ ನಿನ್ನ ಪೆಟ್ಟಿಗೆ ಹೋತು. ಗೊಬ್ಬರದ ಬಿಲ್ಲು ಹೊಡಿಯಲೂ ಆಗ್ತಿಲ್ಲೆ.' ಫೈಬರ್ ಪೆಟ್ಟಿಗೆಯ ಅಡಾಪ್ಟರ್ ಮೂಲಕ ಹೊಡೆತ ಒಳಗೆ ಬಂದು ಕೆಂಪು ಪೋರ್ಟು, ಅದರ ಹಿಂದೆಯೇ ಬೋರ್ಡು ಸುಟ್ಟಿತ್ತು. 'ನಾಳೆ ಬೆಳಿಗ್ಗೆ ಬತ್ತಿ, ಅಲ್ಲಿವರೆಗೆ ಯಾವ ವಯರನ್ನೂ ಮತ್ತೆ ಚುಚ್ಚಡಿ' ಎಂದೆ. ಕೈಯಲ್ಲಿ ಫ್ಯಾನ್ ಇಲ್ಲದ, ನಾಲ್ಕು ಈಥರ್ನೆಟ್ ಪೋರ್ಟಿನ ಒಂದು ಮಿನಿ ಪಿಸಿ ಇತ್ತು, 128 ಜಿಬಿಯ ಹೊಸ ಎಸ್‌ಎಸ್‌ಡಿಯೂ ಇತ್ತು.

ಘಟ್ಟ ಹತ್ತುವ ಮೊದಲು ಎಸ್‌ಎಸ್‌ಡಿಯನ್ನು ಮನೆಯಲ್ಲೇ ಪರೀಕ್ಷಿಸೋಣ ಎಂದು ಯುಎಸ್‌ಬಿ ಅಡಾಪ್ಟರಿಗೆ ಸಿಕ್ಕಿಸಿ ಪಾರ್ಟೆಡ್ ಓಡಿಸಿದೆ. 1 ಮೆಬಿಬೈಟಿನಿಂದ ಪಾರ್ಟಿಶನ್ ಮಾಡು ಎಂದರೆ ಪಾರ್ಟಿಶನ್ ಸರಿಯಾಗಿ ಜೋಡಣೆಯಾಗಿಲ್ಲ, ವೇಗ ತಗ್ಗೀತು ಎಂಬ ಎಚ್ಚರಿಕೆ ಬಂತು. ಲೂಪ್ ಸಾಧನದಲ್ಲಾಗಲಿ ಕ್ಯೂಇಎಂಯುನಲ್ಲಾಗಲಿ ಇದು ಬಂದಿರಲಿಲ್ಲ. ಹೊಸ ಆವೃತ್ತಿಯದೇ ತಂಟೆಯೇ ಎಂದು 3.5ರಲ್ಲಿ ಓಡಿಸಿದರೆ ಅದರಲ್ಲೂ ಅದೇ ಎಚ್ಚರಿಕೆ.

ಕರ್ನಲ್ ಆ ಡಿಸ್ಕಿನ ಬಗ್ಗೆ ಏನು ತಿಳಿದುಕೊಂಡಿದೆ ಎಂದು, ಅದು ತನ್ನ ಮಾಹಿತಿಯನ್ನು ಫೈಲುಗಳಾಗಿ ತೋರಿಸುವ ಸಿಸ್‌ಎಫ್‌ಎಸ್‌ನಲ್ಲಿ ಹುಡುಕಿದೆ. ಡಿಸ್ಕಿನ 'ಕ್ಯೂ' ಫೋಲ್ಡರಿನೊಳಗೆ 'ಆಪ್ಟಿಮಲ್ ಐಒ ಸೈಜ್' ಎಂಬ ಫೈಲಿದೆ. ಅದರಲ್ಲಿದ್ದ ಅಂಕಿ 33553920. ಇದನ್ನು 512ರಿಂದ ಭಾಗಿಸಿದರೆ 65535, ಅಂದರೆ 16 ಬಿಟ್ಟಿನಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆ. ಡಿಸ್ಕಿಗೆ ಯಾವ ಅಳತೆಯಲ್ಲಿ ಬರೆದರೆ ಅನುಕೂಲ ಎಂಬ ಪ್ರಶ್ನೆಗೆ ಯುಎಸ್‌ಬಿ ಸೇತುವೆಯ ಚಿಪ್ಪು, ತಾನು ಒಮ್ಮೆಗೆ ಸಾಗಿಸಬಲ್ಲ ಗರಿಷ್ಠ ಅಳತೆಯನ್ನು ಉತ್ತರವಾಗಿ ಕೊಡುತ್ತಿತ್ತು. ಕರ್ನಲ್ ಅದನ್ನು ನಂಬಿತು, ಪಾರ್ಟೆಡ್ ಕರ್ನಲನ್ನು ನಂಬಿತು. 65535 ಬೆಸ ಸಂಖ್ಯೆ, 4 ಕಿಬಿಬೈಟಿನ ಪುಟಕ್ಕೆ ಬೇಕಾದ 8 ಸೆಕ್ಟರಿನ ಗುಣಕವೂ ಅಲ್ಲ. ಅದನ್ನು ನಂಬಿ ಅಲ್ಲಿಂದ ಪಾರ್ಟಿಶನ್ ಶುರುಮಾಡಿದರೆ ಎಸ್‌ಎಸ್‌ಡಿಯ ಪ್ರತಿ ಪುಟವೂ ಎರಡು ಕಡೆ ಹರಿದು ಕೂರುತ್ತದೆ, ನಿಜವಾಗಿ ಕೆಟ್ಟ ಜೋಡಣೆ ಅದು.

ಅದೇ ಎಸ್‌ಎಸ್‌ಡಿಯನ್ನು ಮಿನಿ ಪಿಸಿಯ ಒಳಗಿನ ಸಾಟಾ ಪೋರ್ಟಿಗೆ ಹಾಕಿದಾಗ ಆ ಫೈಲಿನಲ್ಲಿ 0 ಇತ್ತು. ಏನೂ ಹೇಳುವುದಿಲ್ಲ ಎಂದರ್ಥ. ಆಗ ಪಾರ್ಟೆಡ್ ತನ್ನ ಮಾಮೂಲಿನ 1 ಮೆಬಿಬೈಟಿಗೆ ಮರಳುತ್ತದೆ, ಎಚ್ಚರಿಕೆ ಕಾಣೆಯಾಯಿತು. ಫೈರ್‌ವಾಲಿನ ಡಿಸ್ಕನ್ನು ಯುಎಸ್‌ಬಿ ಅಡಾಪ್ಟರಿನಲ್ಲಿ ಪಾರ್ಟಿಶನ್ ಮಾಡಿ ಆಮೇಲೆ ಪೆಟ್ಟಿಗೆಗೆ ಹಾಕುವ ಅಭ್ಯಾಸ ನಮ್ಮಲ್ಲಿ ಹಲವು ಅಂಗಡಿಗಳಲ್ಲಿದೆ. ಅಂಥವರು ಮೊದಲು ಆ ಒಂದು ಫೈಲನ್ನು ತೆರೆದು ನೋಡಲಿ. ಅದರಲ್ಲಿ 33553920 ಕಂಡರೆ ಡಿಸ್ಕನ್ನು ಅದರ ಸ್ವಂತ ಜಾಗಕ್ಕೆ ಹಾಕಿಯೇ ಇನ್‌ಸ್ಟಾಲ್ ಮಾಡಲಿ.

ಸೊಸೈಟಿಯಲ್ಲಿ

ದೇವಿಮನೆ ಘಟ್ಟ ಹತ್ತಿ ಶಿರಸಿ ದಾಟಿ ಸೊಸೈಟಿ ತಲುಪಿದಾಗ ಕೌಂಟರಿನ ಮುಂದೆ ಗೊಬ್ಬರಕ್ಕೆ ಬಂದವರ ಸಾಲಿತ್ತು. ಗುಮಾಸ್ತರು ಕಾಗದದ ಮೇಲೆ ಬಿಲ್ಲು ಬರೆಯುತ್ತಿದ್ದರು. ಪೆನ್‌ಡ್ರೈವಿಗೆ ಬರೆದಿಟ್ಟಿದ್ದ ಐಎಸ್‌ಒದಿಂದ ಮಿನಿ ಪಿಸಿಯನ್ನು ಬೂಟ್ ಮಾಡಿದೆ. ಭಾಷೆ, ಒಪ್ಪಂದ, ಡಿಸ್ಕ್ ಆಯ್ಕೆ, ಎಕ್ಸ್ಟಿ4 ಫೈಲ್ ಸಿಸ್ಟಮ್. ಪಾರ್ಟಿಶನ್ ಮಾಡುತ್ತಿದೆ ಎಂಬ ಸಾಲು ಪರದೆಯ ಮೇಲೆ ಬಂದು ಓದುವಷ್ಟರಲ್ಲಿ ಹೋಯಿತು. ಇಷ್ಟು ದಿನ ನೋಡಿದ್ದೆಲ್ಲ ಆ ಒಂದು ಸಾಲಿಗಾಗಿ.

ರೀಬೂಟ್ ಆದ ಮೇಲೆ ಸೆಟಪ್ ಬಂತು. ಹಸಿರು ಮತ್ತು ಕೆಂಪು ಪೋರ್ಟುಗಳನ್ನು ಗೊತ್ತುಮಾಡಿ, ಒಳಗಿನ ಕಂಪ್ಯೂಟರೊಂದರಿಂದ 444ನೇ ಪೋರ್ಟಿನ ವೆಬ್ ಪುಟ ತೆರೆದು ಹಳೆಯ ಪೆಟ್ಟಿಗೆಯ ಬ್ಯಾಕಪ್ ಫೈಲನ್ನು ಹಾಕಿದೆ. ಬೇರೆ ಯಂತ್ರದ ಬ್ಯಾಕಪ್ ಹಾಕುವವರು ಇಲ್ಲಿ ಒಂದು ಹೆಜ್ಜೆ ನೆನಪಿಡಬೇಕು. ಯಾವ ಬಣ್ಣಕ್ಕೆ ಯಾವ ನೆಟ್‌ವರ್ಕ್ ಕಾರ್ಡು ಎಂಬುದನ್ನು ಐಪಿಫೈರ್ ಪ್ರತಿ ಕಾರ್ಡಿಗೂ ಬೇರೆಯಾಗಿರುವ ಮ್ಯಾಕ್ ವಿಳಾಸದ ಮೇಲೆ ಬರೆದಿಟ್ಟುಕೊಳ್ಳುತ್ತದೆ. ಬ್ಯಾಕಪ್ ಹಾಕಿದ ಕೂಡಲೇ ಸುಟ್ಟುಹೋದ ಬೋರ್ಡಿನ ವಿಳಾಸಗಳೂ ಮರಳಿ ಬರುತ್ತವೆ. ರೀಬೂಟಿಗೆ ಮೊದಲೇ ಪೆಟ್ಟಿಗೆಗೇ ಕೀಬೋರ್ಡ್, ಮಾನಿಟರ್ ಜೋಡಿಸಿ 'ಸೆಟಪ್' ಆಜ್ಞೆ ಕೊಟ್ಟು ಕಾರ್ಡುಗಳನ್ನು ಮತ್ತೊಮ್ಮೆ ಗೊತ್ತುಮಾಡಿದೆ.

ಕೊನೆಗೆ ಕನ್ಸೋಲಿನಲ್ಲಿ ಪಾರ್ಟೆಡ್‌ನ ಆವೃತ್ತಿ ಕೇಳಿದೆ, 3.6 ಎಂದಿತು. ಸೆಕ್ಟರ್ ಲೆಕ್ಕದಲ್ಲಿ ಪಟ್ಟಿ ತೆಗೆದು ನೋಡಿದರೆ ಮೊದಲ ಪಾರ್ಟಿಶನ್ 2048ರಿಂದ, ಉಳಿದವೂ 8ರ ಗುಣಕದಲ್ಲೇ. ಪಾರ್ಟೆಡ್‌ನ 'ಅಲೈನ್‌ಚೆಕ್' ಆಜ್ಞೆಯೂ ಎಲ್ಲವೂ ಸರಿಯಾಗಿ ಕೂತಿದೆ ಎಂದಿತು. ಆ ಪಟ್ಟಿಯನ್ನು ಪ್ರಿಂಟ್ ತೆಗೆದು ಪೆಟ್ಟಿಗೆಯ ತಳಕ್ಕೆ ಅಂಟಿಸಿದೆ. ಫೈಬರ್ ಪೆಟ್ಟಿಗೆಗೂ ಫೈರ್‌ವಾಲಿಗೂ ಒಂದೇ ಸರ್ಜ್ ಪ್ರೊಟೆಕ್ಟರ್ ಹಾಕಿ ಅರ್ಥಿಂಗ್ ಎಳೆಸಲು ಸೆಕ್ರೆಟರಿಯವರಿಗೆ ಹೇಳಿದ್ದೇನೆ. ಎಲೆಕ್ಟ್ರಿಶಿಯನ್ ಆ ವಾರವೇ ಬರುತ್ತೇನೆ ಎಂದಿದ್ದಾನೆ.

ಇನ್ನು ನನ್ನ ಪಟ್ಟಿಯಲ್ಲಿ ಉಳಿದಿರುವುದು 4096 ಬೈಟಿನ ಸೆಕ್ಟರಿರುವ ಡಿಸ್ಕಿನ ಪರೀಕ್ಷೆ. ಕ್ಯೂಇಎಂಯುನಲ್ಲಿ ಲಾಜಿಕಲ್ ಬ್ಲಾಕಿನ ಅಳತೆಯನ್ನು ಹಾಗೆ ಇಟ್ಟು ಇನ್‌ಸ್ಟಾಲರನ್ನು ಓಡಿಸಬೇಕು. ಅಲ್ಲಿ 1 ಮೆಬಿಬೈಟ್ ಅಂದರೆ 256ನೇ ಸೆಕ್ಟರ್, ಬೈಟಿನಲ್ಲಿ ಕೊಟ್ಟ ಕೊನೆಗಳು ಅಲ್ಲಿಯೂ ಸರಿಯಾಗಿ ಬೀಳುತ್ತವೆಯೇ ನೋಡಬೇಕು.